ಕೌದಿಯ ಹೊಟ್ಟೆ

ವೈಶಾಲಿಗೆ ಹೇಸಿಗೆ ಬೇಗ ಹುಟ್ಟುತ್ತಿತ್ತು. ಎಲ್ಲರೂ ಒಂದೊಂದು ಅಡುಗೆ ತಂದು ಹಂಚಿಕೊಳ್ಳುವ ಪಾಟ್‌ಲಕ್ ಊಟದಲ್ಲಿ ಯಾರಾದರೂ ಎಂಜಲು ಚಮಚವನ್ನು ಮತ್ತೆ ಪಾತ್ರೆಗೆ ಹಾಕಿದರೆ ಅವಳ ಊಟ ಅಲ್ಲಿಗೇ ಮುಗಿಯಿತು. ಪರದೇಶದಲ್ಲಿ, ಫೋರ್ ಎಸ್ ರ್ಯಾಂಚ್ ಎಂಬ ಬಡಾವಣೆಯ ಅವಳ ಹೊಸ ಮನೆಯಲ್ಲಿ ಒರೆಸುವ ಬಟ್ಟೆಗಳೇ ಐದು ಬಗೆ. ಸಿಂಕಿನದನ್ನು ಟೇಬಲ್ಲಿಗೆ ಬಳಸಿದರೆ ಗಂಡ ಗಿರೀಶನಿಗೆ ಮಂಗಳಾರತಿ ತಪ್ಪುತ್ತಿರಲಿಲ್ಲ.

ಅಂಥವಳ ಮನೆಗೆ 2003ರಲ್ಲಿ ಅವಳ ಅವ್ವ ಬಸಲಿಂಗವ್ವ ಬೈಲಹೊಂಗಲದಿಂದ ಆರು ತಿಂಗಳಿಗೆಂದು ಬಂದಳು. ಹೊತ್ತು ಹೋಗದೆ, ಗರಾಜಿನಲ್ಲಿದ್ದ ಹಳೆ ಬಟ್ಟೆಯ ಚೀಲ ಬಿಚ್ಚಿ ಕೌದಿ ಹೊಲಿಯಲು ಕೂತಳು. ಗಿರೀಶನ ಕಾಲರು ಸವೆದ ಅಂಗಿ, ಮಗಳು ಮೇಘಾಳ ಗಿಡ್ಡವಾದ ಪೈಜಾಮ, ಸಾಲದ್ದಕ್ಕೆ ಅವ್ವನದೇ ಒಂದು ಹರಿದ ಲಂಗ.

"ಲಂಗಾ ಹೊತಗೊಂಡು ಯಾರ ಮಲಗತಾರವ್ವಾ, ಅಸಹ್ಯ," ಎಂದು ವೈಶಾಲಿ ಮೂಗು ಮುರಿದಳು.

"ಒಗದೀನಲ್ಲ," ಎಂದಳು ಅವ್ವ, ಸೂಜಿಗೆ ದಾರ ಪೋಣಿಸುತ್ತಾ.

ಕೌದಿ ಮುಗಿದ ವಾರಕ್ಕೆ ಇರುವೆ ಬಂದವು. ಅವ್ವನ ಮಂಚದ ಕಾಲು ಹತ್ತಿ ನೇರ ಕೌದಿಯ ನಡುವಿಗೇ ಸಾಲು. ಅವ್ವ ಸ್ನಾನಕ್ಕೆ ಹೋಗಿದ್ದಳು. ನಡುವಿನ ಚೌಕದ ಕೆಳಗೆ ಏನೋ ಗಂಟಿತ್ತು. ವೈಶಾಲಿ ಸುತ್ತಲಿನ ಹೊಲಿಗೆ ಬಿಚ್ಚಿ ನೋಡಿದರೆ ಹೋಳಿಗೆಯ ತುಂಡು, ಬೂಷ್ಟು ಹಿಡಿದು ಹಸಿರಾಗಿತ್ತು. ಟಿಶ್ಯೂನಲ್ಲಿ ಹಿಡಿದು ಹೊರಗಿನ ಕಸದ ಡಬ್ಬಿಗೆ ಎಸೆದಳು, ಮೂರು ಸಲ ಕೈ ತೊಳೆದಳು, ಕೈಗೆ ಸಿಕ್ಕ ಕರಿ ದಾರದಲ್ಲಿ ಆ ಚೌಕವನ್ನು ಗಡಿಬಿಡಿಯಲ್ಲಿ ಮುಚ್ಚಿದಳು. ಮುದುಕಿಗೆ ಅರಳುಮರಳು ಶುರುವಾಯಿತೇನೋ ಅಂದುಕೊಂಡಳು. ಅವ್ವ ಆಮೇಲೆ ಏನೂ ಕೇಳಲಿಲ್ಲ. ಅವಳು ಊರಿಗೆ ಹೋದ ಮರುದಿನವೇ ಕೌದಿ ಗರಾಜು ಸೇರಿತು.

2005ರಲ್ಲಿ ಅವ್ವ ತೀರಿಕೊಂಡಳು. ಕೌದಿ ಗರಾಜಿನಿಂದ ಹಾಲಿನ ಗೋಡೆಗೆ ಏರಿತು. ಇದ್ದಾಗ ಗರಾಜು, ಸತ್ತ ಮೇಲೆ ಗೋಡೆ. ಲೋಕದ ಪ್ರೀತಿಯೆಲ್ಲ ಇಷ್ಟೇ ಹೊಲಸು. ಕರಿ ದಾರ ಕಾಣದಂತೆ ಆ ಮಗ್ಗುಲನ್ನು ಗೋಡೆಗೆ ತಿರುಗಿಸಿ ತೂಗುಹಾಕಿದ್ದಳು. ಬಂದವರು ಚಟ್ನಿ ಬೆರಳಲ್ಲಿ ಅದನ್ನು ಮುಟ್ಟಿ "ಸೋ ಎಥ್ನಿಕ್" ಅಂದರೆ ಅವಳಿಗೆ ಮೈ ಉರಿಯುತ್ತಿತ್ತು. ಯಾವ ಬುಟೀಕಿನದು ಎಂದು ಕೇಳಿದ ಕುಮುದಾಳನ್ನಂತೂ ಮತ್ತೆ ಮನೆಗೆ ಕರೆಯಲಿಲ್ಲ. ಆದರೆ ತಾನು ಎಸೆದದ್ದು ಅವ್ವನಿಗೆ ಗೊತ್ತಾಗಲೇ ಇಲ್ಲ ಎಂಬ ಸಮಾಧಾನ ಒಂದಿತ್ತು. ಅದನ್ನು ಅವಳು ಕೌದಿಗಿಂತ ಜೋಪಾನವಾಗಿ ಇಟ್ಟುಕೊಂಡಿದ್ದಳು.

ಮರುವರ್ಷ ತಾನೂ ಒಂದು ಕೌದಿ ಹೊಲಿಯಬೇಕು ಅನ್ನಿಸಿತು. ನಾರ್ತ್‌ರಿಜ್‌ನಲ್ಲಿ ಮಗನ ಜೊತೆ ಇದ್ದ ಪ್ರೇಮವ್ವ ಎಂಬ ಹಿರಿಯರಿಗೆ ಆ ವಿದ್ಯೆ ಬರುತ್ತದೆಂದು ತಿಳಿದು, ಶನಿವಾರ ಮೂರು ತಾಸು ಡ್ರೈವ್ ಮಾಡಿಕೊಂಡು ಹೋದಳು. ಅಂಗಡಿಯಿಂದ ತಂದ ಹೊಸ ಕಾಟನ್ ಬಟ್ಟೆಗಳನ್ನು ಮುಂದಿಟ್ಟಳು. ಪ್ರೇಮವ್ವ ಅವನ್ನು ಸತ್ತ ಇಲಿಯನ್ನು ಸರಿಸಿದ ಹಾಗೆ ಒಂದೇ ಬೆರಳಲ್ಲಿ ಸರಿಸಿದರು.

"ಹೊಸಾ ಅರಿಬಿ ಕತ್ತರಿಸಿ ಕೌದಿ ಹೊಲೀತಾರೇನ? ಯಾರ ಮೈಗೂ ಹತ್ತದ ಅರಿಬಿ ಯಾರನ್ನ ಬೆಚ್ಚಗ ಇಡತೈತಿ?"

ಮೂಗು ಮುರಿದ ಮುಖವನ್ನು ಎದುರಿನಿಂದ ನೋಡಿದರೆ ಹೇಗಿರುತ್ತದೆಂದು ವೈಶಾಲಿಗೆ ಅಂದು ತಿಳಿಯಿತು. ಮುಂದಿನ ವಾರ ಹಳೆ ಬಟ್ಟೆ ಒಯ್ದಳು. ಬಟ್ಟೆ ಸಾಲದೆ ಹೋದಲ್ಲಿ ಪ್ರೇಮವ್ವ ತಮ್ಮದೇ ಹರಿದ ಕುಪ್ಪಸ ಕೊಟ್ಟರು. ತಲೆಯೆಣ್ಣೆ, ಬೆವರು ವಾಸನೆ. ಮೊದಲ ತಿಂಗಳು ಬಾಯಲ್ಲಿ ಉಸಿರಾಡುತ್ತ ಹೊಲಿದಳು. ನಾಲ್ಕನೇ ತಿಂಗಳಿಗೆ ಮೂಗು ಸುಮ್ಮನಾಗಿತ್ತು.

ಹೊಲಿಗೆ ಅಂಚಿನಿಂದ ಸುತ್ತಿ ಸುತ್ತಿ ನಡುವಿಗೆ ಬಂತು, ಅಂಗೈಯಗಲ ಉಳಿಯಿತು. ಆ ಶನಿವಾರ ಹೋಲಿಸಿ ನೋಡಲು ಅವ್ವನ ಕೌದಿಯನ್ನೂ ಒಯ್ದಿದ್ದಳು. ಪ್ರೇಮವ್ವ ತಾಟಿನಲ್ಲಿ ಹೋಳಿಗೆಯ ತುಂಡು ತಂದಿಟ್ಟರು.

"ಇದನ್ನ ಒಳಗಿಟ್ಟು ಮುಚ್ಚು. ಕೌದಿ ಹೊಟ್ಟಿ ತುಂಬಸಬೇಕು. ಹಸದ ಕೌದಿ ಹೊತ್ತವರಿಗೆ ನಿದ್ದಿ ಹತ್ತೂದಿಲ್ಲ ಅಂತಾರ. ನಿಮ್ಮವ್ವ ಹೇಳಿಲ್ಲೇನ?"

ವೈಶಾಲಿ ತಾಟನ್ನು ಮುಟ್ಟಲಿಲ್ಲ. ಅಷ್ಟರಲ್ಲಿ ಅವರು ಅವ್ವನ ಕೌದಿ ಬಿಡಿಸಿ ಹಿಂಬದಿಗೆ ಕೈಯಾಡಿಸುತ್ತಿದ್ದರು. ನಡುವಿನ ಚೌಕದ ಮೇಲೆ ಕೈ ನಿಂತಿತು.

"ಇಲ್ಲೆ ಯಾರೋ ಬಿಚ್ಚ್ಯಾರ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, "ಇರಿವಿ ಬಂದಿದ್ವು ಆಂಟಿ," ಅಂದುಬಿಟ್ಟಳು.

ಪ್ರೇಮವ್ವ ಕನ್ನಡಕ ಏರಿಸಿದರು. "ಮೂರು ಕಡೆ ಕರೀ ದಾರ, ಸೊಟ್ಟ. ಅದು ನಿನ್ನ ಕೈ, ನನಗ ಗುರ್ತೈತಿ. ನಾಕನೇ ಕಡೆ ಕರೀ ದಾರ ಕತ್ತರಿಸಿ ಬಿಳೀ ದಾರ ಹಾಕ್ಯಾರ. ಅದು ನಿಮ್ಮವ್ವಂದು. ನೀ ಮುಚ್ಚಿದ ಮ್ಯಾಲ ಆಕಿ ಮತ್ತ ಬಿಚ್ಚಿ, ಮತ್ತ ತುಂಬಸ್ಯಾಳ."

ವೈಶಾಲಿ ಅಲ್ಲಿ ಒತ್ತಿದಳು. ಚರಪರ ಸದ್ದಾಯಿತು. ಬಿಳಿ ಹೊಲಿಗೆ ನಾಲ್ಕು ಬಿಚ್ಚಿದಳು. ಒಳಗೆ, ಮೇಘಾಳ ಸ್ನ್ಯಾಕ್ಸಿಗೆ ತಾನೇ ತರುತ್ತಿದ್ದ ಪುಟ್ಟ ಪ್ಲಾಸ್ಟಿಕ್ ಜಿಪ್ ಚೀಲ. ಅದರೊಳಗೆ ಇನ್ನೊಂದು ಚೀಲ. ಅದರೊಳಗೆ ಶುಭ್ರ ಪೇಪರ್ ಟವೆಲಿನಲ್ಲಿ ಸುತ್ತಿದ ಒಣಗಿ ಗರಿಗರಿಯಾದ ಕಟಕ ರೊಟ್ಟಿಯ ಚೂರು. ಸಿಹಿಯಲ್ಲ, ಎಣ್ಣೆಯಿಲ್ಲ, ಇರುವೆ ಬರುವುದಿಲ್ಲ, ಕೊಳೆಯುವುದಿಲ್ಲ.

"ಪ್ಲಾಸ್ಟಿಕ್ ಯಾಕ ಹಾಕ್ಯಾಳೋ," ಎಂದು ಪ್ರೇಮವ್ವ ಅಚ್ಚರಿಪಟ್ಟರು. "ನಮ್ಮ ಕಡೆ ಹಿಂಗ ಯಾರೂ ಹಾಕೂದಿಲ್ಲ."

ಯಾಕೆಂದು ವೈಶಾಲಿಗೆ ಗೊತ್ತಿತ್ತು. ಅವ್ವ ಎಲ್ಲ ತಿಳಿದು, ಆಮೇಲೂ ಎರಡೂವರೆ ತಿಂಗಳು ಅದೇ ಮನೆಯಲ್ಲಿ ಮಗಳು ಬಡಿಸಿದ್ದನ್ನು ಉಂಡು ಹೋಗಿದ್ದಳು. ವೈಶಾಲಿಗೆ ಆಗ ಹುಟ್ಟಿದ ಹೇಸಿಗೆಯನ್ನು ಟಿಶ್ಯೂನಲ್ಲಿ ಹಿಡಿದು ಎಸೆಯುವ ಹಾಗಿರಲಿಲ್ಲ. ತಾಟಿನಲ್ಲಿದ್ದ ಹೋಳಿಗೆಯ ತುಂಡನ್ನು ಬರಿಗೈಯಲ್ಲಿ ತೆಗೆದು ತನ್ನ ಕೌದಿಯ ಹೊಟ್ಟೆಗಿಟ್ಟಳು. ಬೆರಳಿಗೆ ತುಪ್ಪ ಅಂಟಿತ್ತು. ಅದನ್ನು ಒರೆಸಿಕೊಳ್ಳದೆ ಅವ್ವನ ಕೌದಿಯನ್ನು ತೊಡೆಗೆ ಎಳೆದುಕೊಂಡಳು.

ಪ್ರೇಮವ್ವ ಬಿಳಿ ದಾರ ಪೋಣಿಸಿದ ಸೂಜಿ ಚಾಚಿದರು. "ಮುಚ್ಚವ್ವಾ. ಈ ಸಲ ನೆಟ್ಟಗ ಹೊಲಿ."