ಹಿತ್ತಲಿಗೆ ಕಟ್ಟಿದ ಹಗ್ಗ

ತರೀಕೆರೆಯ ಕಣ್ಣಿನ ಶಿಬಿರದಿಂದ ಅಜ್ಜಂಪುರಕ್ಕೆ ಮರಳುವಾಗ ಗುರುಶಾಂತಮ್ಮ ಬಸ್ಸಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಒಂದು ಪಕ್ಕದಲ್ಲಿ ಮಗ ಷಡಕ್ಷರಿ ಕೂತಿದ್ದ, ಇನ್ನೊಂದು ಪಕ್ಕದಲ್ಲಿ ಸೊಸೆ ಮಲ್ಲಿಕಾಂಬ. ಎಪ್ಪತ್ತೆಂಟನೆಯ ಇಸವಿಯ ಸಂಕ್ರಾಂತಿ ಆಗಷ್ಟೇ ಕಳೆದಿತ್ತು. ಪೊರೆ ಇರಬಹುದು, ತೆಗೆಸಿದರೆ ಸರಿಹೋಗುತ್ತದೆ ಎಂದುಕೊಂಡೇ ಮೂವರೂ ಹೋಗಿದ್ದರು. ಡಾಕ್ಟರು ಟಾರ್ಚ್ ಬಿಟ್ಟು ನೋಡಿ, "ಪೊರೆ ಅಲ್ಲಮ್ಮ, ಕಣ್ಣಿನ ನರವೇ ಒಣಗಿದೆ. ಇದಕ್ಕೆ ಆಪರೇಷನ್ ಇಲ್ಲ" ಎಂದು ಮೆಲ್ಲಗೆ ಹೇಳಿ, ಸಾಲಿನಲ್ಲಿದ್ದ ಮುಂದಿನವರನ್ನು ಕರೆದಿದ್ದರು.

ಅಷ್ಟರಲ್ಲಾಗಲೇ ಗುರುಶಾಂತಮ್ಮನಿಗೆ ಬೆಳಕು ಯಾವ ಕಡೆ ಎನ್ನುವುದೊಂದು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಆದರೂ ಶಿಬಿರಕ್ಕೆ ಹೋಗುವ ತನಕ ಗೋಡೆ ಸವರಿಕೊಂಡು ಹಿತ್ತಲಿಗೆ ಹೋಗಿ ಬರುತ್ತಿದ್ದರು. ಶಿಬಿರದಿಂದ ಬಂದ ಮೇಲೆ ನಡುಮನೆಯ ಕಂಬಕ್ಕೆ ಒರಗಿ ಕೂತವರು ಏಳುವ ಮನಸ್ಸನ್ನೇ ಮಾಡಲಿಲ್ಲ. ಊಟಕ್ಕೆ ಕರೆದರೆ ಉಂಡರು, ಸ್ನಾನಕ್ಕೆ ಕರೆದರೆ ಎದ್ದರು, ಲಿಂಗಪೂಜೆ ಬಿಡಲಿಲ್ಲ. ಹಿತ್ತಲಿನ ಹೆಸರನ್ನು ಮಾತ್ರ ಎತ್ತಲಿಲ್ಲ.

ಆ ಹಿತ್ತಲು ಅವರು ಕೈಯಾರೆ ಮಾಡಿದ್ದು. ಮದುವೆಯಾಗಿ ಬಂದಾಗ ಅಲ್ಲಿ ಇದ್ದದ್ದು ಬಿಳಿ ಸುಣ್ಣದ ಕಲ್ಲಿನ ಗಟ್ಟಿ ನೆಲ, ಒಂದು ಸೇದುವ ಬಾವಿ, ಅಷ್ಟೇ. ಬಚ್ಚಲ ನೀರಿಗೆ ಕಾಲುವೆ ತೋಡಿ, ಒಲೆ ಬೂದಿ, ಸಗಣಿ, ತರಗು ಎಲ್ಲಾ ಸುರಿದು ಸುರಿದು ಮಣ್ಣನ್ನು ಮೆತ್ತಗೆ ಮಾಡಿಕೊಂಡಿದ್ದರು. ನುಗ್ಗೆ, ಕರಿಬೇವು, ಒಂದು ಮಡಿ ಕನಕಾಂಬರ, ಹೀರೆ ಚಪ್ಪರ, ಮೆಣಸಿನ ಗಿಡ. ಮನೆಗೆ ತರಕಾರಿ ತಂದದ್ದು ಅಪರೂಪ.

ಶಿವರಾತ್ರಿ ಕಳೆಯಿತು. ಬೇವಿನ ಮರ ಎಲೆ ಉದುರಿಸಿ ಎಳೆಗೆಂಪು ಚಿಗುರು ಬಿಟ್ಟಿತು. ಹಿತ್ತಲ ಕೆಲಸವೆಲ್ಲ ಬೀಳುವುದು ಈ ದಿನಗಳಲ್ಲೇ. ನುಗ್ಗೆಯ ಕೊಂಬೆ ಕಡಿಯಬೇಕು, ಕುಂಬಳಕ್ಕೆ ಗುಂಡಿ ತೆಗೆದು ಗೊಬ್ಬರ ತುಂಬಬೇಕು, ಚಪ್ಪರದ ಮುರಿದ ಗಳು ಬದಲಿಸಬೇಕು, ಬೇಲಿಗೆ ಹೊಸ ಜಾಲಿಮುಳ್ಳು ಕಟ್ಟಬೇಕು. ಮಲ್ಲಿಕಾಂಬ ತರೀಕೆರೆಯ ಪೇಟೆಯಲ್ಲಿ ಬೆಳೆದವಳು, ಅಪ್ಪನದು ದಿನಸಿ ಅಂಗಡಿ. ಮದುವೆಯಾಗಿ ಬಂದ ಮೇಲೂ ಅತ್ತೆ ಅವಳ ಕೈಗೆ ಗುದ್ದಲಿ ಕೊಟ್ಟವರಲ್ಲ.

"ಅತ್ತೆ, ಈ ಸಲ ಏನೇನು ಹಾಕ್ಲಿ?" ಎಂದು ಒಂದು ಬೆಳಿಗ್ಗೆ ಕೇಳಿದಳು.

"ನಿಂಗೆ ಏನು ಬೇಕೋ ಹಾಕ್ಕೋ. ನಾನೇನು ನೋಡಾಕಿಲ್ವಲ್ಲ."

ಮಲ್ಲಿಕಾಂಬ ಮತ್ತೆ ಕೇಳಲಿಲ್ಲ. ಷಡಕ್ಷರಿಗೆ ಬೀರೂರಿನ ರೈಲ್ವೆ ಗೂಡ್ಸ್ ಆಫೀಸಿನಲ್ಲಿ ಕೆಲಸ. ಬೆಳಗಿನ ರೈಲಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಅವನು ಹೋದ ಮೇಲೆ ಅವಳೇ ಸೆರಗು ಸಿಕ್ಕಿಸಿ ಗುದ್ದಲಿ ಹಿಡಿದಳು. ಬಚ್ಚಲ ಮೂಲೆಯಲ್ಲಿ ಒಣಗಿದ ಎಲೆ ಬಿಟ್ಟರೆ ಏನೂ ಕಾಣಲಿಲ್ಲ. ಕುಂಬಳಕ್ಕೆ ಒಳ್ಳೆಯ ಜಾಗವೆಂದು ಅಗೆಯಲು ಶುರುಮಾಡಿದಳು.

ಗುದ್ದಲಿ ಬಿದ್ದ ಸದ್ದು ನಡುಮನೆಗೆ ಕೇಳಿಸಿತು. ಬಾವಿಯ ಕಡೆಯಿಂದಲ್ಲ, ಬಚ್ಚಲ ಕಡೆಯಿಂದ.

"ಏ ಮಲ್ಲಿ! ಅಲ್ಲಿ ಅಗೀಬೇಡ ಕಣೇ! ಅಲ್ಲಿ ಅರಿಶಿನ ಐತೆ!"

ಮಲ್ಲಿಕಾಂಬನಿಗೆ ಕೇಳಿಸಲಿಲ್ಲ. ಗುರುಶಾಂತಮ್ಮ ಎದ್ದೇಬಿಟ್ಟರು. ಸಿಟ್ಟಿನಲ್ಲಿ ಗೋಡೆ ಸವರುವುದನ್ನೂ ಮರೆತು ಹಿತ್ತಲ ಬಾಗಿಲು ದಾಟಿದರು. ಸೊಸೆ ಆ ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲನ್ನು ಸ್ವಲ್ಪ ಈಚೆಗೆ ಎಳೆದಿದ್ದಳು. ಅದಕ್ಕೆ ಎಡವಿ ಮುಗ್ಗರಿಸಿ ಬಿದ್ದರು. ಮಂಡಿ ಒಡೆದು ರಕ್ತ ಬಂತು, ಅಂಗೈ ತರಚಿತು. ಮಲ್ಲಿಕಾಂಬ ಓಡಿಬಂದು ಎತ್ತುವಾಗಲೂ ಅವರ ಬಾಯಲ್ಲಿ ಇದ್ದದ್ದು ಒಂದೇ ಮಾತು: "ಅರಿಶಿನ ಕಡಿದುಬಿಟ್ಟೇನೇ?"

ಸಂಜೆ ಷಡಕ್ಷರಿ ಬಂದವನು ಅವ್ವನ ಮಂಡಿಯ ಪಟ್ಟಿ ನೋಡಿ ಕೂಗಾಡಿದ. ಯಾರ ಮೇಲೆ ಎಂದು ಅವನಿಗೂ ತಿಳಿದಿರಲಿಲ್ಲ. "ಇನ್ಮೇಲೆ ಆ ಕಡೆ ಕಾಲಿಡಂಗಿಲ್ಲ ಅವ್ವ. ಬಾವಿಗೆ ಬಿದ್ದಿದ್ರೆ ಏನು ಗತಿ?" ಎಂದು, ಹಿತ್ತಲ ಬಾಗಿಲಿಗೆ ಅವ್ವನ ಕೈಗೆ ಎಟುಕದಷ್ಟು ಮೇಲೆ ಒಂದು ಚಿಲಕ ಹೊಡೆದ. ಗುರುಶಾಂತಮ್ಮ ಕಂಬಕ್ಕೆ ಒರಗಿ ಸುತ್ತಿಗೆಯ ಏಟುಗಳನ್ನು ಕೇಳಿಸಿಕೊಂಡರು.

ಮಲ್ಲಿಕಾಂಬನಿಗೆ ಆ ಚಿಲಕ ತನ್ನ ಎದೆಗೇ ಹೊಡೆದಂತಾಯಿತು. ಅತ್ತೆ ಬಿದ್ದರು, ನಿಜ. ಆದರೆ ಶಿಬಿರದಿಂದ ಬಂದ ಮೇಲೆ ಅವರು ತಾವಾಗಿ ಎದ್ದು ನಡೆದದ್ದು, ಜೋರಾಗಿ ಬೈದದ್ದು ಅದೇ ಮೊದಲು. ಹಾಗೆ ಬೈಸಿಕೊಂಡದ್ದರಲ್ಲಿ ಅವಳಿಗೆ ಒಂದು ಥರ ಸಮಾಧಾನವೇ ಆಗಿತ್ತು.

ಆ ವಾರ ಬೇಲಿ ಕಟ್ಟಲು ಓಬಮ್ಮ ಬಂದಳು. ಊರಾಚೆಯ ಕೇರಿಯವಳು, ಪ್ರತಿ ವರ್ಷ ಈ ಕೆಲಸಕ್ಕೆ ಬರುತ್ತಿದ್ದವಳು. ಮಲ್ಲಿಕಾಂಬ ಅಟ್ಟದಿಂದ ಬಾವಿಯ ಹಳೆಯ ತೆಂಗಿನ ನಾರಿನ ಹಗ್ಗ ಇಳಿಸಿ, "ಓಬಮ್ಮ, ಬೇಲಿ ಆಮೇಲೆ ಆಗ್ಲಿ. ಮೊದ್ಲು ನಂಗೆ ಗೂಟ ಹೊಡ್ಕೊಡು" ಎಂದಳು.

ಬಾಗಿಲಿನಿಂದ ಬಾವಿಯವರೆಗೆ, ಬಾವಿಯಿಂದ ಚಪ್ಪರಕ್ಕೆ, ಅಲ್ಲಿಂದ ಬಚ್ಚಲ ಮೂಲೆಯ ಅರಿಶಿನದ ಮಡಿಯ ತನಕ ಇಬ್ಬರೂ ಬಿದಿರು ಗೂಟ ನೆಟ್ಟರು. ಗೂಟದಿಂದ ಗೂಟಕ್ಕೆ ಸೊಂಟದ ಎತ್ತರದಲ್ಲಿ ಹಗ್ಗ ಬಿಗಿದರು. ಒಗೆಯುವ ಕಲ್ಲನ್ನು ಗೋಡೆಯ ಬುಡಕ್ಕೆ ಸರಿಸಿ ಮಣ್ಣಲ್ಲಿ ಹೂತರು. ಬಾವಿಗೆ ಎರಡು ಹೆಜ್ಜೆ ಮುಂಚೆ ಹಗ್ಗಕ್ಕೆ ತೂತು ಕೊರೆದ ತೆಂಗಿನ ಗೆರಟೆ ಕಟ್ಟಿದರು, ಕೈಗೆ ತಾಕಿದ ಕೂಡಲೇ ನಿಲ್ಲಲಿ ಎಂದು. ಮೆಣಸಿನ ಮಡಿಯ ಎದುರಿಗೆ ಗೋಣಿಯ ತುಂಡು, ಕನಕಾಂಬರದ ಎದುರಿಗೆ ಹಳೆಯ ರೇಷ್ಮೆ ರವಿಕೆಯ ಚಿಂದಿ, ಮುಟ್ಟಿದರೆ ಯಾವ ಮಡಿಯೆಂದು ತಿಳಿಯಲಿ ಎಂದು.

ಸಂಜೆ ಷಡಕ್ಷರಿ ಅದನ್ನು ನೋಡಿ ಮುಖ ಸಿಂಡರಿಸಿದ. "ಇದೇನೇ ಇದು? ನೋಡಿದವರು ಏನಂದಾರು?"

ಗುರುಶಾಂತಮ್ಮನಿಗೆ ಹೇಳಿದಾಗ ಅವರ ಮಾತು ಇನ್ನೂ ಕಟುವಾಗಿತ್ತು. "ಹಸು ಕಟ್ಟಿದಂಗೆ ನನ್ನನ್ನ ಹಗ್ಗಕ್ಕೆ ಕಟ್ಟಬೇಕು ಅಂತ ಮಾಡಿದ್ದೀಯೇನೇ? ನಾನು ಬರಾಕಿಲ್ಲ."

ಮಾರನೆಯ ದಿನ ಗಂಡ ರೈಲಿಗೆ ಹೋದ ಮೇಲೆ ಮಲ್ಲಿಕಾಂಬ ಚಿಲಕ ತೆಗೆದು, ಒಂದು ಹಳೆಯ ಟವೆಲ್ಲನ್ನು ಕಣ್ಣಿಗೆ ಬಿಗಿಯಾಗಿ ಕಟ್ಟಿಕೊಂಡು ಹಗ್ಗ ಹಿಡಿದು ಹೊರಟಳು. ಹಗ್ಗ ಸರಿಯಾಗಿ ಕಟ್ಟಿದೆಯೋ ಇಲ್ಲವೋ ನೋಡಬೇಕಿತ್ತು. ಹತ್ತು ಹೆಜ್ಜೆಗೇ ಅವಳ ಧೈರ್ಯ ಹೋಯಿತು. ದಿನಾ ನಡೆದಾಡುವ ಜಾಗ, ಆದರೂ ಮುಂದಿನ ಹೆಜ್ಜೆಯಲ್ಲಿ ನೆಲವೇ ಇಲ್ಲ ಅನ್ನಿಸಿತು. ಗೂಟಕ್ಕೆ ಕಾಲು ಬಡಿದು "ಅಯ್ಯೋ" ಎಂದು ಕೂಗಿದಳು.

"ಏನಾಯ್ತೇ?" ನಡುಮನೆಯಿಂದ ಕೂಗು ಬಂತು.

"ಏನಿಲ್ಲ ಅತ್ತೆ. ಗೂಟಕ್ಕೆ ಒದ್ದೆ."

"ಗೂಟ ಕಾಣ್ಲಿಲ್ವೇನು ನಿಂಗೆ?"

"ಕಣ್ಣು ಕಟ್ಕೊಂಡಿದ್ದೀನಿ."

ಒಳಗಿನಿಂದ ಗೋಡೆ ಸವರುವ ಸದ್ದು, ಬಾಗಿಲ ಹತ್ತಿರ ಉಸಿರು.

"ಯಾಕೆ ಕಟ್ಕೊಂಡೆ?"

"ನಿಮ್ಮನ್ನ ಬನ್ನಿ ಅಂತ ಕರೆಯೋಕೆ ಮುಂಚೆ ನಾನು ನಡೆದು ನೋಡ್ಬೇಕಲ್ಲ ಅತ್ತೆ. ಭಯ ಆಗ್ತದೆ. ನಿಮಗೂ ಹಿಂಗೇ ಆಗ್ತದಾ?"

ಆ ಮಾತನ್ನು ಯಾರೂ ಅಲ್ಲಿಯವರೆಗೆ ಗುರುಶಾಂತಮ್ಮನನ್ನು ಕೇಳಿರಲಿಲ್ಲ. ಡಾಕ್ಟರೂ ಕೇಳಿರಲಿಲ್ಲ, ಮಗನೂ ಕೇಳಿರಲಿಲ್ಲ. ಅವರು ಹೊಸ್ತಿಲ ಮೇಲೆ ಬಾಗಿಲ ಚೌಕಟ್ಟು ಹಿಡಿದು ನಿಂತರು.

"ಆಗ್ತದೆ ಕಣೇ," ಎಂದರು. "ಬೆಳಿಗ್ಗೆ ಎದ್ದ ಕೂಡ್ಲೆ ಜಾಸ್ತಿ ಆಗ್ತದೆ. ಕಣ್ಣು ಬಿಟ್ಟಿದ್ದೀನೋ ಇಲ್ವೋ ಗೊತ್ತಾಗಾಕಿಲ್ಲ."

ಮಲ್ಲಿಕಾಂಬ ಟವೆಲ್ ಬಿಚ್ಚಲಿಲ್ಲ. ಹಗ್ಗ ಹಿಡಿದು ಮುಂದಕ್ಕೆ ಒಂದು ಹೆಜ್ಜೆ ಇಟ್ಟಳು.

"ಕಾಲು ಎತ್ತಿ ಇಡಬೇಡ," ಎಂದರು ಅತ್ತೆ. "ನೆಲಕ್ಕೆ ಸವರಿಕೊಂಡು ಮುಂದಕ್ಕೆ ಬಿಡು. ಹೆಬ್ಬೆಟ್ಟಿಗೆ ಮೊದ್ಲು ಗೊತ್ತಾಗ್ಲಿ. ಹಗ್ಗಾನ ಎಳೀಬೇಡ, ಸುಮ್ಕೆ ಕೈ ಜಾರಿಸ್ತಾ ಹೋಗು."

"ಹಿಂಗಾ?"

"ನಂಗೇನು ಕಾಣ್ತದೇನೇ, ಹಿಂಗಾ ಅಂತ ಕೇಳ್ತೀಯ?" ಎಂದು ಹೇಳಿ ಗುರುಶಾಂತಮ್ಮ ನಕ್ಕುಬಿಟ್ಟರು. ಮಲ್ಲಿಕಾಂಬನೂ ನಕ್ಕಳು. "ತಡಿ, ತೋರಿಸ್ತೀನಿ" ಎಂದು ಅವರೇ ಹೊಸ್ತಿಲು ಇಳಿದು, ಕೈ ಚಾಚಿ ಹಗ್ಗ ಹುಡುಕಿ ಹಿಡಿದರು.

ಮುಂದೆ ಅತ್ತೆ, ಹಿಂದೆ ಕಣ್ಣು ಕಟ್ಟಿಕೊಂಡ ಸೊಸೆ. ಗೆರಟೆ ಕೈಗೆ ತಾಕಿದಲ್ಲಿ ಗುರುಶಾಂತಮ್ಮ ನಿಂತು, "ಬಾವಿ ಬಂತು" ಎಂದರು. ಚಪ್ಪರ ದಾಟಿ ಅರಿಶಿನದ ಮಡಿ ಮುಟ್ಟಿದ ಮೇಲೆ ಕೂತು, ಮಣ್ಣಿಗೆ ಕೈ ಹಾಕಿ ಕೆದಕಿದರು. ಗುದ್ದಲಿ ತಾಕಿ ಹೋಳಾದ ಗಡ್ಡೆ ಕೈಗೆ ಸಿಕ್ಕಿತು. ಮೂಸಿ ನೋಡಿ, "ಒಂದು ಪಕ್ಕ ಅಷ್ಟೇ ಹೋಗಿರೋದು. ಉಳಿದಿದ್ದು ಚೆನ್ನಾಗೈತೆ" ಎಂದರು.

ಅಂದಿನಿಂದ ಕೆಲಸ ಇಬ್ಬರದಾಯಿತು. ಕುಂಬಳದ ಗುಂಡಿಗಳನ್ನು ಮಲ್ಲಿಕಾಂಬ ತೋಡಿದಳು. ಗೊಬ್ಬರ ಬೆರೆಸಿ ಬೀಜ ಊರಿದ್ದು ಗುರುಶಾಂತಮ್ಮ. ಬೂದಿಯಲ್ಲಿ ಕಟ್ಟಿಟ್ಟ ಬೀಜಗಳನ್ನು ಬೆರಳಲ್ಲಿ ಸವರಿ ಹೀರೆ ಯಾವುದು, ಪಡವಲ ಯಾವುದು ಎಂದು ಬೇರೆ ಮಾಡಿದರು. ಎಲ್ಲವೂ ಸರಿಯಾಯಿತು ಎನ್ನುವಂತಿಲ್ಲ. ಒಂದು ದಿನ ಕೊತ್ತಂಬರಿ ಪೈರನ್ನು ಕಳೆಯೆಂದು ಅರ್ಧ ಮಡಿ ಕಿತ್ತುಹಾಕಿದರು. ಗೊತ್ತಾದ ಮೇಲೆ ಆ ದಿನವೆಲ್ಲ ಊಟ ಮಾಡಲಿಲ್ಲ. ಮೆಣಸಿನ ಸಸಿಗಳನ್ನು ಪಕ್ಕದ ಮನೆಯ ಕೋಳಿಗಳು ಕೆದರಿ ಹಾಕಿದವು. ಮಲ್ಲಿಕಾಂಬ ಹಳೆಯ ಬುಟ್ಟಿಯ ತಳ ಕತ್ತರಿಸಿ ಒಂದೊಂದು ಸಸಿಗೂ ಒಂದೊಂದು ಕವಚ ಮಾಡಿದಳು.

ಷಡಕ್ಷರಿಗೆ ಇದೆಲ್ಲ ಗೊತ್ತಾದದ್ದು ಒಂದು ಭಾನುವಾರ. ಹಜಾಮತಿಗೆಂದು ಪೇಟೆಗೆ ಹೋದವನು ಅಂಗಡಿ ಮುಚ್ಚಿದ್ದರಿಂದ ಬೇಗ ಬಂದ. ಹಿತ್ತಲ ಬಾಗಿಲು ತೆರೆದಿತ್ತು. ಅವ್ವ ಒಂದು ಕೈಯಲ್ಲಿ ಹಗ್ಗ, ಒಂದು ಕೈಯಲ್ಲಿ ನೀರಿನ ಚೊಂಬು ಹಿಡಿದು ಚಪ್ಪರದ ಕಡೆಗೆ ನಡೆಯುತ್ತಿದ್ದರು. ಅವನು ಕೂಗಲು ಬಾಯಿ ತೆರೆದವನು, ಕೂಗಿದರೆ ಎಲ್ಲಿ ಬೆಚ್ಚುತ್ತಾರೋ ಎಂದು ಸುಮ್ಮನಾದ. ಅವ್ವ ಬುಡ ಹುಡುಕಿ ನೀರು ಹನಿಸಿ, ಎಳೆ ಬಳ್ಳಿಯ ತುದಿಯನ್ನು ಬೆರಳಲ್ಲಿ ಹಿಡಿದು ದಾರಕ್ಕೆ ಹಬ್ಬಿಸುವುದನ್ನು ನೋಡುತ್ತ ನಿಂತ.

"ಯಾರದು? ಷಡಕ್ಷರೀನಾ?" ಎಂದರು ತಿರುಗದೆ. "ಆ ಮೂಲೆ ಗೂಟ ಅಲ್ಲಾಡ್ತಾ ಐತೆ ಕಣೋ. ಬಂದೋನು ಒಂದೇಟು ಹಾಕು."

ಅವನು ಸುತ್ತಿಗೆ ತಂದು ಗೂಟ ಭದ್ರ ಮಾಡಿದ. ಒಳಗೆ ಹೋಗುವಾಗ ಬಾಗಿಲಿನ ಚಿಲಕವನ್ನೂ ಕಿತ್ತ.

ಭರಣಿ ಮಳೆ ಬಿದ್ದ ಮೇಲೆ ಓಬಮ್ಮ ಮತ್ತೆ ಬಂದಳು, ಈ ಸಲ ಕೆಲಸಕ್ಕಲ್ಲ. ಅವಳ ಮಾವ ಹೊನ್ನಯ್ಯನಿಗೂ ಕಣ್ಣು ಹೋಗಿ ಬಹಳ ದಿನವಾಗಿತ್ತು. "ಅಮ್ಮಾರೆ, ನಮ್ಮ ಮಾವಂಗೂ ಒಂದು ಹಗ್ಗ ಕಟ್ಟಾನ ಅಂದ್ರೆ ಒಲ್ಲೆ ಅಂತಾನೆ. ನೀವಾದ್ರೂ ಒಂದು ಮಾತು ಹೇಳಿ" ಎಂದಳು.

ಗುರುಶಾಂತಮ್ಮ ಸೊಸೆಯ ಕಡೆ ಕೈ ಚಾಚಿ, "ನಡಿ, ಹೋಗನ" ಎಂದು ಎದ್ದರು. ಶಿಬಿರದಿಂದ ಬಂದ ಮೇಲೆ ಅವರು ಬೀದಿಗೆ ಕಾಲಿಟ್ಟದ್ದು ಅದೇ ಮೊದಲು. ಓಬಮ್ಮನ ಕೇರಿಗಂತೂ ಮದುವೆಯಾಗಿ ಬಂದಾಗಿನಿಂದ ಹೋದವರಲ್ಲ. ಸೊಸೆಯ ಭುಜ ಹಿಡಿದು ಹೋಗುವಾಗ ಜಗಲಿಗಳ ಮೇಲಿನ ಮಾತು ಒಂದು ಗಳಿಗೆ ನಿಂತದ್ದು ಅವರಿಗೂ ತಿಳಿಯಿತು. ನಡಿಗೆ ನಿಲ್ಲಿಸಲಿಲ್ಲ.

ಹೊನ್ನಯ್ಯ ಮನೆಯ ಮುಂದಿನ ಕಲ್ಲಿನ ಮೇಲೆ ಕೂತಿದ್ದ. ವಿಷಯ ಕೇಳಿ ತಲೆ ಅಲ್ಲಾಡಿಸಿದ. "ನಂಗ್ಯಾಕ್ರವ್ವ ಹಿತ್ಲು? ನಾನೇನು ಸೊಪ್ಪು ಬೆಳೀಬೇಕಾ? ನಂಗೆ ಸ್ಟೇಷನ್ ಹತ್ರ ಟೀ ಅಂಗ್ಡಿಗೆ ಹೋಗ್ಬೇಕು. ಅಲ್ಲೀ ತಂಕ ಕಟ್ತೀರಾ ಹಗ್ಗ?"

ಮಲ್ಲಿಕಾಂಬ ರಸ್ತೆಯ ಕಡೆ ನೋಡಿದಳು. ಹಗ್ಗ ಮನೆಯ ಬೇಲಿಯೊಳಗೆ ಸರಿ. ಎತ್ತಿನ ಗಾಡಿ, ಸೈಕಲ್ಲು ಓಡಾಡುವ ರಸ್ತೆಗೆ ಯಾರು ಕಟ್ಟುತ್ತಾರೆ?

"ಅದು ಆಗಾಕಿಲ್ಲ ಹೊನ್ನಯ್ಯ," ಎಂದರು ಗುರುಶಾಂತಮ್ಮ. "ಆದ್ರೆ ನೀನು ಈ ಕಲ್ಲಿನ ಮೇಲೆ ಕೂತು ಎಷ್ಟು ದಿನ ಆಯ್ತು? ಕಾಲು ನಡೆಯೋದನ್ನೇ ಮರೆತಿರ್ತದೆ. ಮೊದ್ಲು ಅದಕ್ಕೆ ಅಭ್ಯಾಸ ಆಗ್ಲಿ. ಹಗ್ಗದಾಗೆ ಹೆದರಿಕೆ ಬಿಟ್ಟೋದ್ರೆ, ಆಮೇಲೆ ಕೋಲು ಹಿಡ್ಕೊಂಡು ಹೋಗ್ಬೋದು. ನಾನೂ ಇನ್ನೂ ಅಲ್ಲೀ ತಂಕ ಹೋಗಿಲ್ಲ ಕಣಪ್ಪ."

ಹೊನ್ನಯ್ಯ ಬೀಡಿ ಹುಡುಕಿ, ಹಚ್ಚದೆ ಕೈಯಲ್ಲೇ ಹಿಡಿದುಕೊಂಡ. "ನಿಮಗೂ ಹೆದ್ರಿಕೆ ಆಗ್ತದಾ ಅವ್ವಾರೆ?"

"ದಿನಾ ಆಗ್ತದೆ."

ಅವನು ಕಲ್ಲಿನ ಮೇಲೆ ಕೈಯೂರಿ ಎದ್ದು ನಿಂತ. "ಹಂಗಾದ್ರೆ ಆ ಬೇವಿನ ಮರದ ತಂಕ ಕಟ್ರಿ. ನೆರಳಾಗಾದ್ರೂ ಕೂತ್ಕಬೋದು" ಎಂದ.

ಓಬಮ್ಮ ಗೂಟ ತರಲು ಹಿತ್ತಲಿಗೆ ಓಡಿದಳು. ಮಲ್ಲಿಕಾಂಬ ಸೆರಗು ಸಿಕ್ಕಿಸಿದಳು.