ಹದಿನೆಂಟು ಮೀಟರ್

"ತಲೆ ದಕ್ಷಿಣಕ್ಕೆ ಬರಬೇಕು, ತಿರುಗ್ಸಿ, ತಿರುಗ್ಸಿ" ಎಂದು ಕೃಷ್ಣಸ್ವಾಮಿ ಕೂಗಿದಾಗ ನಾಲ್ವರು ಸೇರಿ ಅವರ ತಮ್ಮನ ಹೆಂಡತಿ ಪಂಕಜಾಳ ದೇಹವನ್ನು ಚಾಪೆ ಸಮೇತ ಎರಡನೇ ಸಲ ಎತ್ತಿದರು. ಪೋರ್ಟಿಕೋ ಇಕ್ಕಟ್ಟು. ಅವಸರದಲ್ಲಿ ಅವಳ ಕಾಲು ಕಂಬಕ್ಕೆ ಬಡಿಯಿತು.

"ಇದು ದಕ್ಷಿಣ ಅಲ್ಲ ಕಣ್ರೀ. ಬೆಟ್ಟ ಆ ಕಡೆ ಇದ್ದಮೇಲೆ ಇದು ಹೆಂಗೆ ದಕ್ಷಿಣ ಆಗುತ್ತೆ?" ಅಂದರು ಎದುರುಮನೆಯವರು.

"ಮಂಜುಶ್ರೀ, ನೀನೂ ನಕ್ಷೆ ಆಫೀಸಿನವಳಲ್ವೇನಮ್ಮಾ? ನೀನೇ ಹೇಳು" ಅಂದರು ಕೃಷ್ಣಸ್ವಾಮಿ.

ಮಂಜುಶ್ರೀ ಫೋನಿನಲ್ಲಿ ದಿಕ್ಸೂಚಿ ತೆರೆದಳು. ಕಬ್ಬಿಣದ ಗೇಟಿನಿಂದ ಎರಡು ಹೆಜ್ಜೆ ದೂರ ಸರಿದು ನಿಂತಳು. ಹಾಗೆ ಸರಿದು ನಿಲ್ಲುವುದನ್ನು ಕಲಿಸಿದವಳು ಚಾಪೆಯ ಮೇಲಿದ್ದಳು.

"ಇನ್ನೂ ಸ್ವಲ್ಪ ಎಡಕ್ಕೆ."

"ಊರಿಗೆಲ್ಲಾ ದಿಕ್ಕು ತೋರ್ಸಿದೋರು, ಈಗ ಅವರ್ನೇ ಮೂರು ಸಲ ತಿರುಗಿಸ್ತಾ ಇದೀವಿ" ಎಂದು ಆಫೀಸಿನ ಬೀರೇಶ್ ಪಿಸುಗುಟ್ಟಿದ. ಯಾರೋ ನಗು ತಡೆದು ಕೆಮ್ಮಿದರು.

ಪಂಕಜಾ ಇಪ್ಪತ್ತಾರು ವರ್ಷ ನಕ್ಷೆ ವಿಭಾಗದಲ್ಲಿ ದುಡಿದಿದ್ದಳು. ಮೊದಲು ಟ್ರೇಸಿಂಗ್ ಹಾಳೆಯ ಮೇಲೆ ಮಸಿಯಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ. ಊರಿನ ಕೆರೆ, ಮಳೆನೀರಿನ ಕಾಲುವೆ, ರಸ್ತೆ, ಸೈಟುಗಳನ್ನು ಒಂದರ ಮೇಲೊಂದು ಹಾಸಿದಂತೆ ಜೋಡಿಸುವುದು ಕೆಲಸ. ಎಲ್ಲಿ ಮನೆ ಕಟ್ಟಬಹುದು, ಎಲ್ಲಿ ಕಟ್ಟಬಾರದು ಎಂದು ಸಾಹೇಬರು ಅದನ್ನು ನೋಡಿಯೇ ಹೇಳುತ್ತಿದ್ದರು. ಚಿತ್ರಾನ್ನದ ಡಬ್ಬಿ, ಒಂದು ಛತ್ರಿ, ವರ್ಷಕ್ಕೆ ಮೂರು ಜೊತೆ ಸವೆಯುವ ಚಪ್ಪಲಿ. "ನಡೆದು ನೋಡದೆ ಗೆರೆ ಎಳೀಬಾರದು ಕಣೇ" ಎಂದು ಮಂಜುಶ್ರೀಯನ್ನು ಬಿಸಿಲಲ್ಲಿ ಕಾಲುವೆಗಳ ಉದ್ದಕ್ಕೂ ನಡೆಸುತ್ತಿದ್ದಳು.

ಬಾಯಿಗೆ ಅಕ್ಕಿ ಹಾಕುವ ಶಾಸ್ತ್ರ ಶುರುವಾಯಿತು. ಗೇಟಿನ ಹೊರಗಿನಿಂದ ಪ್ರೇಮಮ್ಮ ಅಳುತ್ತಾ ಬಂದಳು. ನಾಲ್ಕು ವರ್ಷದಿಂದ ಈ ಮನೆಯ ಕೆಲಸದವಳು. ಈಗಿರುವುದು ಕಡಕೊಳದ ಬಾಡಿಗೆ ಕೋಣೆಯಲ್ಲಿ.

"ನಾನೂ ಎರಡು ಕಾಳು ಆಕ್ತೀನಿ ಬುದ್ಧಿ. ನನ್ನ ಮನೆ ಕೆಡವಿದ ದಿನ ನನ್ ಬಾಯ್ಗೆ ಅನ್ನ ಇಟ್ಟೋರು ಇವ್ರೊಬ್ರೇಯ."

"ಕಾಲ ಹತ್ರ ಹಾಕು, ಸಾಕು" ಅಂದರು ಕೃಷ್ಣಸ್ವಾಮಿ.

ಪ್ರೇಮಮ್ಮ ಕಾಲ ಬಳಿ ಹಾಕಿ ಹಣೆ ಮುಟ್ಟಿಸಿದಳು. ಮಂಜುಶ್ರೀ ಮುಖ ತಿರುಗಿಸಿದಳು.

*

ಆಸ್ಪತ್ರೆಯಲ್ಲಿ, ಎಂಟು ದಿನದ ಹಿಂದೆ, ಪಂಕಜಾ ಮೂಸಂಬಿ ರಸದ ಲೋಟವನ್ನು ಪಕ್ಕಕ್ಕಿಟ್ಟು ಹೇಳಿದ್ದಳು.

"ನಮ್ಮ ಮನೆ ಇರೋದೇ ಕಾಲುವೆ ಮೇಲೆ ಕಣೇ. ಯಾವತ್ತೋ ಮುಚ್ಚಿಹೋಗಿರೋ ಕಾಲುವೆ. ಹಳೇ ಸರ್ವೆ ನಕ್ಷೆ ಒಂದರಲ್ಲೇ ಕಾಣೋದು. ಅದನ್ನ ಕಂಪ್ಯೂಟರಿಗೆ ಏರಿಸೋವಾಗ ನೋಡ್ದೆ. ಅಷ್ಟೊತ್ತಿಗೆ ಗೃಹಪ್ರವೇಶ ಆಗಿ ಎರಡು ತಿಂಗಳು."

"ಆಮೇಲೆ?"

"ಯಜಮಾನ್ರಿಗೆ ಹೇಳ್ದೆ. ಮೂರು ದಿನ ಅವರು ಊಟ ಮಾಡ್ಲಿಲ್ಲ. ನಾಲ್ಕನೇ ದಿನ ಕಂಪ್ಯೂಟರಲ್ಲಿ ಆ ಕಾಲುವೆ ಗೆರೆಯ ಏಳು ಚುಕ್ಕೆ ಎಳೆದು ಪಕ್ಕಕ್ಕಿಟ್ಟೆ. ಹದಿನೆಂಟು ಮೀಟರ್. ಎರಡು ನಿಮಿಷ ಹಿಡೀಲಿಲ್ಲ. ಕಾಲುವೆ ಹೋಗಿ ಹಿಂದಿನ ಬೀದಿಯ ಪ್ರೇಮಮ್ಮನ ಮನೆ ಮೇಲೆ ಕೂತ್ಕೊಳ್ತು. ಅದನ್ನ ಕೆಡವಕ್ಕೆ ಜೆಸಿಬಿಗೆ ಇಪ್ಪತ್ತು ನಿಮಿಷ ಹಿಡೀತು."

ಪ್ರೇಮಮ್ಮ ಯಾರ್ಯಾರದೋ ಕೈಕಾಲು ಹಿಡಿದು, ತನ್ನ ಜಾಗವನ್ನು ಮತ್ತೆ ಅಳೆಯಿರೆಂದು ಅರ್ಜಿ ಕೊಟ್ಟಿದ್ದಳು. ಮರುಸರ್ವೆಗೆ ದಿನ ಗೊತ್ತಾಗಿತ್ತು. ಆ ದಿನ ನಕ್ಷೆ ಒಯ್ಯಬೇಕಾದವಳು ಮಂಜುಶ್ರೀ.

"ಹಳೇ ನಕ್ಷೆ ಆಫೀಸಿನ ಬೀರುವಿನ ಕೆಳಗಿನ ಖಾನೇಲಿದೆ. ನಾನು ಹೋದಮೇಲೆ ಗೆರೇನ ಅದರ ಜಾಗಕ್ಕೆ ಇಟ್ಬಿಡು, ಮಂಜು."

"ಆಗ್ಲಿ ಮೇಡಂ."

ಹಾಗೆಂದು ಹೊರಗೆ ಬಂದು ಬಸ್ ನಿಲ್ದಾಣದಲ್ಲಿ ನಿಂತಾಗ ಮಂಜುಶ್ರೀಗೆ ಬಂದದ್ದು ಅಳುವಲ್ಲ, ಸಿಟ್ಟು. ಬದುಕಿರುವಷ್ಟು ದಿನ ಮನೆ ಇವರಿಗೆ. ಸತ್ತ ಮೇಲೆ ಗೆರೆ ನನಗೆ.

*

ದೇಹ ಎತ್ತುವ ಮೊದಲು ಪಂಕಜಾಳ ಗಂಡ ಸುಂದರೇಶ ಮಂಜುಶ್ರೀಯನ್ನು ಒಳಕೋಣೆಗೆ ಕರೆದ. ಒದ್ದೆ ಪಂಚೆಯಲ್ಲಿ ಸಣ್ಣಗೆ ನಡುಗುತ್ತಿದ್ದ.

"ಅವಳು ನಿನಗೇನಾದ್ರೂ ಹೇಳಿದ್ಲಾ?"

ಮಂಜುಶ್ರೀ ಸೆರಗು ಸರಿಪಡಿಸಿಕೊಂಡಳು.

"ಹೇಳಿರ್ತಾಳೆ. ನಾಳೆ ಸರ್ವೆಗೆ ಪಂಕಜಾ ಎಳೆದಿರೋ ನಕ್ಷೆನೇ ತಾನೆ ತಗೊಂಡು ಹೋಗೋದು?" ಅವನು ಟವೆಲಿನಿಂದ ಮೂಗು ಒರೆಸಿಕೊಂಡ. "ನಿನ್ನ ಕಾಂಟ್ರ್ಯಾಕ್ಟು ಮುಂದಿನ ತಿಂಗಳಿಗೆ ಮುಗಿಯುತ್ತಲ್ವಾ? ನಿಮ್ಮ ಸಾಹೇಬರೂ ನಾನೂ ಒಂದೇ ಬೆಂಚಿನವರು. ಅವಳ ಕುರ್ಚೀಲಿ ನಿನ್ನನ್ನೇ ಕೂರಿಸಿ ಅಂತ ಹೇಳಿದೀನಿ. ಸತ್ತೋಳ ಹೆಸರು ಕೆಡಿಸ್ಬೇಡಮ್ಮ."

ಹೊರಗಿನಿಂದ ಕೂಗಿದರು. ಸುಂದರೇಶ ಹೋಗಿ ಹೆಂಡತಿಯ ಬಾಯಿಗೆ ಕೊನೆಯ ಹಿಡಿ ಅಕ್ಕಿ ಹಾಕಿದ. ಕಾಳುಗಳು ತುಟಿಯಂಚಿನಿಂದ ಉದುರಿದವು. ಅವನು ಹೆಬ್ಬೆರಳಿನಿಂದ ಅವನ್ನು ಒಳಗೆ ತಳ್ಳಿ, ಗದ್ದ ಒತ್ತಿ ಹಿಡಿದು ಬಾಯಿ ಮುಚ್ಚಿಸಿದ.

ಗಂಡಸರು ಹೊರಟರು. ಮನೆ ತೊಳೆಯುವ ಕೆಲಸ ಪ್ರೇಮಮ್ಮನ ಪಾಲಿಗೆ ಬಂತು. ಬಕೆಟ್ಟಿನ ನೀರನ್ನು ಬಾಗಿಲಿಂದ ಗೇಟಿನತ್ತ ಎರಚಿದಳು. ನೀರು ಅರ್ಧ ಹೋಗಿ ನಿಂತಿತು. ಎಡಕ್ಕೆ ಹೊರಳಿ, ಮಂಜುಶ್ರೀ ಕುಳಿತಿದ್ದ ಕುರ್ಚಿಯ ಕಡೆ ಬಂತು. ಕುರ್ಚಿಯ ಹಿಂದೆ ಗೋಡೆ ಬುಡದಲ್ಲಿ ಬೆರಳು ಹೋಗುವಷ್ಟು ಬಿರುಕು. ಪೋರ್ಟಿಕೋದ ಆ ಮೂಲೆ ಕುಸಿದಿತ್ತು.

"ನಾಕು ವರ್ಷದಿಂದ ನೋಡ್ತಿವ್ನಿ ಕಣವ್ವ. ಗೇಟ್ ಕಡೀಕೆ ಎಷ್ಟು ತಳ್ಳುದ್ರೂ ಈ ಮನೆ ನೀರು ಇಂಗೇ ಓಯ್ತದೆ" ಅಂದಳು ಪ್ರೇಮಮ್ಮ, ಪೊರಕೆ ಆಡಿಸುತ್ತಾ. "ನಾಳೀಕೆ ನಕ್ಸೆ ತತ್ತೀರಲ್ವಾ?"

"ತರ್ತೀನಿ."

"ಅಮ್ಮಾವ್ರು ಮಾಡಿದ್ದೇಯಾ?"

ಮಂಜುಶ್ರೀ ನೀರನ್ನೇ ನೋಡುತ್ತಿದ್ದಳು.

"ಹೂಂ. ಅವರು ಮಾಡಿದ್ದೇ."

"ಅಂಗಾದ್ರೆ ಬುಡಿ, ನಂಗೆ ಭಯ ಇಲ್ಲ." ಪ್ರೇಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಸ್ವಲ್ಪ ಕಾಲೆತ್ತಿ ಅವ್ವ."

ಮಂಜುಶ್ರೀ ಸೀರೆ ಒದ್ದೆಯಾಗದಂತೆ ಹಿಡಿದು ಎರಡೂ ಕಾಲು ಮೇಲೆತ್ತಿದಳು. ಅವುಗಳ ಕೆಳಗೆ ನೀರು ಹರಿಯಿತು. ಪ್ರೇಮಮ್ಮ ಹಾಕಿದ್ದ ಎರಡು ಅಕ್ಕಿಕಾಳು ಅದರೊಡನೆ ಉರುಳುತ್ತಾ ಹೋಗಿ ಬಿರುಕಿನೊಳಗೆ ಇಳಿದವು.