ಆಗದವನ ಕತ್ತೆ

ಕತ್ತೆಯ ಮಾತು ಬಂದ ಕೂಡಲೇ ಬೇಕರಿಯವನಿಗೆ ನಗು ತಡೆಯಲಾಗಲಿಲ್ಲ. ಮೊದಲ ಸುತ್ತಿನ ಬ್ರೆಡ್ಡು ಭಟ್ಟಿಯಿಂದ ಇಳಿದ ಮೇಲೆ, ಅಂಗಡಿಯ ಬಾಗಿಲು ತೆಗೆಯುವ ಮುಂಚೆ, ಹಿಟ್ಟಿನ ಮೇಜಿನ ಒಂದು ಮೂಲೆ ಒರೆಸಿಕೊಂಡು ಅವನು ದಿನಕ್ಕೊಂದು ಅಧ್ಯಾಯ ಬೈಬಲ್ ಓದುತ್ತಿದ್ದ. ಕಣ್ಣು ಮಂಜಾದ ತಾಯಿ ಹಿಟ್ಟಿನ ಮೂಟೆಯ ಮೇಲೆ ಕೂತು ಕೇಳುತ್ತಿದ್ದಳು; ಹೆಂಡತಿ ಬ್ರೆಡ್ಡನ್ನು ಕಾಗದದಲ್ಲಿ ಸುತ್ತುತ್ತಾ ಕೇಳುತ್ತಿದ್ದಳು. ಇವತ್ತಿನದು ಹಳೆಯ ಕಾನೂನುಗಳ ಅಧ್ಯಾಯ. ನಿನಗೆ ಆಗದವನ ಕತ್ತೆ ಹೊರೆ ತಾಳಲಾರದೆ ಬಿದ್ದಿದ್ದರೆ ನೋಡಿಯೂ ನೋಡದವನಂತೆ ಹೋಗಬೇಡ, ಅವನ ಜೊತೆ ಸೇರಿ ಎತ್ತು ಎಂಬ ಅರ್ಥದ ಮಾತು ಅದರಲ್ಲಿತ್ತು.

"ಕತ್ತೆ ಎಲ್ಲಿಂದ ತರ್ಲಮ್ಮ?" ಎಂದ. "ಇವತ್ತು ನನಗೆ ರಜ."

ಓದಿದ್ದನ್ನು ಅವತ್ತೇ ನಡೆಸಬೇಕು ಎಂಬುದು ತೀರಿಹೋದ ಅಪ್ಪ ಹಾಕಿಟ್ಟ ನಿಯಮ. ತಾರಸಿ ಕಟ್ಟಿದವನು ಅದರ ಅಂಚಿಗೆ ಗೋಡೆ ಕಟ್ಟಬೇಕು ಎಂದು ಓದಿದ ದಿನವೇ ಅಪ್ಪ ಗಾರೆಯವನನ್ನು ಕರೆಸಿ, ಬೇಕರಿಯ ಮೇಲಿದ್ದ ಮನೆಯ ತಾರಸಿಗೆ ಸೊಂಟದೆತ್ತರದ ಗೋಡೆ ಕಟ್ಟಿಸಿದ್ದ. ಹೊಲದ ಅಂಚಿನ ತೆನೆಯನ್ನು ಇಲ್ಲದವರಿಗೆ ಬಿಡಬೇಕು ಎಂದು ಓದಿದ ದಿನದಿಂದ ಕಪಾಟಿನ ಕೆಳಸಾಲಿನ ಕೊನೆಯ ನಾಲ್ಕು ಬ್ರೆಡ್ಡನ್ನು ಯಾರು ಬೇಕಾದರೂ ಕೇಳದೆ ಒಯ್ಯಬಹುದಾಗಿತ್ತು. ಬರೀ ವಂಶಾವಳಿ ಬಂದ ದಿನ ಮಾತ್ರ ಎಲ್ಲರಿಗೂ ಆರಾಮ. ಊಟಕ್ಕೆ ಕೂತಾಗ "ಇವತ್ತಿನದು ಆಯ್ತಾ?" ಎಂದು ಕೇಳುವ ಕೆಲಸ ಈಗ ತಾಯಿಯದು. ಅವಳಿಗೆ ಸುಳ್ಳು ಹೇಳಿ ದಕ್ಕಿಸಿಕೊಂಡವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಹನ್ನೊಂದು ಗಂಟೆಗೆ ಶಾಲೆಯ ಗುಮಾಸ್ತರ ಫೋನು ಬಂತು. ಸಂಜೆ ನಾಲ್ಕಕ್ಕೆ ಸಮಾರಂಭ, ನಾನೂರು ಬನ್ನು ಬೇಕು, ಒಪ್ಪಿಕೊಂಡವನ ಕರೆಂಟಿನ ಓವನ್ ಕೈಕೊಟ್ಟಿದೆಯಂತೆ, ನಿಮ್ಮಿಂದ ಆದೀತೇ ಎಂದು ಕೇಳಿದರು. ಆಗುವುದಾದರೆ ಇನ್ನು ಮುಂದೆ ಪ್ರತಿವಾರದ ಬನ್ನೂ ನಿಮ್ಮಲ್ಲೇ ಎಂದರು. ಸ್ವಲ್ಪ ಹೊತ್ತಿನಲ್ಲಿ ಹೇಳುತ್ತೇನೆ ಎಂದು ಅವನು ಫೋನಿಟ್ಟ. ಮನಸ್ಸು ಒಳಗೊಳಗೇ ಕುಣಿಯುತ್ತಿತ್ತು.

ಒಪ್ಪಿಕೊಂಡವನು ಬೇರೆ ಯಾರೂ ಅಲ್ಲ, ಹೆಂಡತಿಯ ತಮ್ಮ. ಹನ್ನೊಂದು ವರ್ಷ ಇದೇ ಭಟ್ಟಿಯ ಮುಂದೆ ಬೆವರು ಸುರಿಸಿ ಕೆಲಸ ಕಲಿತು, ಮೂರು ವರ್ಷದ ಹಿಂದೆ ಎರಡು ಬೀದಿ ಆಚೆ ಸ್ವಂತ ಬೇಕರಿ ತೆರೆದವನು. ತೆರೆದದ್ದಕ್ಕೆ ಯಾರಿಗೂ ಸಿಟ್ಟಿರಲಿಲ್ಲ. ಆದರೆ ಹೊರಡುವ ದಿನ ಏನೋ ಮಾತಿಗೆ ಮಾತು ಬೆಳೆದು, ಇಲ್ಲಿ ನಿನ್ನೆಯ ಬ್ರೆಡ್ಡನ್ನು ಇವತ್ತಿನದು ಅಂತ ಮಾರುತ್ತಾರೆ ಎಂದು ಗಿರಾಕಿಗಳ ಎದುರಿಗೇ ಅಂದುಬಿಟ್ಟಿದ್ದ. ಅದು ಒಂದು ದಿನದ, ಒಂದೇ ಒಂದು ದಿನದ ಮಟ್ಟಿಗೆ ನಿಜವಾಗಿತ್ತು. ನಿಜವಾದದ್ದರಿಂದಲೇ ಅಷ್ಟು ಉರಿ. ಆಮೇಲೆ ಶಾಲೆಯ ಬನ್ನೂ ಅವನ ಪಾಲಾಯಿತು. ಚರ್ಚಿನಲ್ಲಿ ಇವನು ಎಡಗಡೆಯ ಬೆಂಚು, ಅವನು ಬಲಗಡೆಯ ಬೆಂಚು. ಮೂರು ವರ್ಷದಿಂದ ಮಾತಿಲ್ಲ, ಕತೆಯಿಲ್ಲ.

ಹೆಂಡತಿಗೂ ಸುದ್ದಿ ತಲುಪಿತ್ತು. ತಮ್ಮ ಆಗಲೇ ಅಷ್ಟೂ ಬನ್ನಿನ ಉಂಡೆ ಕಟ್ಟಿ ಟ್ರೇಗಳಲ್ಲಿ ಜೋಡಿಸಿಬಿಟ್ಟಿದ್ದಾನೆ, ರಿಪೇರಿಯವನು ನಾಳೆ ಬರುತ್ತಾನಂತೆ ಎಂದಷ್ಟೇ ಹೇಳಿದಳು. ಒಂದೇ ಕಾಗದವನ್ನು ನಾಲ್ಕು ಸಲ ಮಡಿಸಿ ಬಿಚ್ಚಿದಳು. ಉಬ್ಬಿದ ಹಿಟ್ಟು ಯಾರ ಮಾತನ್ನೂ ಕಾಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಇನ್ನೊಂದು ಗಂಟೆ ಬಿಟ್ಟರೆ ಹುಳಿ ಬಂದು ಕುಸಿಯುತ್ತದೆ. ಹಾಗೆ ಯೋಚಿಸಿದ್ದೇ ತಡ, ಬೆಳಗಿನ ಕತ್ತೆ ಬಂದು ಅಂಗಡಿಯ ನಡುವೆ ನಿಂತಿತು.

ಅವನು ತನ್ನೊಳಗೇ ಸಾಕಷ್ಟು ವಾದ ಹೂಡಿದ. ಓವನ್ನಿನ ವಿಷಯ ಆ ಅಧ್ಯಾಯದಲ್ಲಿ ಎಲ್ಲಿದೆ? ಇದ್ದದ್ದು ಕತ್ತೆ. ಆದರೆ ತಾರಸಿಯ ಗೋಡೆ ಕಟ್ಟಿಸಿದವನ ಮಗ ಈ ವಾದದಲ್ಲಿ ಗೆಲ್ಲುವುದು ಕಷ್ಟವಿತ್ತು. ಕೊನೆಗೆ ಗುಮಾಸ್ತರಿಗೆ ಫೋನು ಮಾಡಿ, ಬನ್ನು ಅವನೇ ತರುತ್ತಾನೆ, ಯೋಚನೆ ಬೇಡ ಎಂದ. ಹೆಂಡತಿಯ ಕಡೆ ತಿರುಗದೆ, "ಭಟ್ಟಿ ಕಾದಿದೆ, ತಂದು ಬೇಯಿಸ್ಕೊಳ್ಳಲಿ. ನಾನು ಮೇಲೆ ಇರ್ತೀನಿ. ಅವನ ಮುಖ ನನಗೆ ಬೇಡ" ಎಂದು ಮೆಟ್ಟಿಲು ಹತ್ತಿದ.

ತಾರಸಿಯಲ್ಲಿ ತಾಯಿ ಬಿಸಿಲು ಕಾಯುತ್ತಾ ಕೂತಿದ್ದಳು. ಅಪ್ಪನ ಗೋಡೆಗೆ ಒರಗಿ ಅವನು ಕೆಳಗೆ ನೋಡಿದ. ವ್ಯಾನು ಬಂದು ನಿಂತಿತು. ಭಾಮೈದ ಟ್ರೇಗಳನ್ನು ಇಳಿಸುತ್ತಿದ್ದ. ಸೊರಗಿದ್ದಾನೆ ಅನಿಸಿತು, ಅನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ತಾಯಿ ಇವತ್ತು ಊಟದವರೆಗೆ ಕಾಯಲಿಲ್ಲ. "ಇವತ್ತಿನದು ಆಯ್ತಾ?"

"ಆಯ್ತಮ್ಮ. ಭಟ್ಟಿ ಬಿಟ್ಟುಕೊಟ್ಟೆ."

"ಅವನ ಜೊತೆ ಸೇರಿ ಎತ್ತು ಅಂತಲ್ವಾ ನೀನು ಓದಿದ್ದು? ಹಗ್ಗ ಕೊಟ್ಟು ತಾರಸಿ ಹತ್ತು ಅಂತ ಇರ್ಲಿಲ್ಲ."

ಅಷ್ಟರಲ್ಲಿ ಸೀದ ವಾಸನೆ ಬಂತು. ಹೋದ ವರ್ಷ ಇಟ್ಟಿಗೆ ಬದಲಾಯಿಸಿದ ಮೇಲೆ ಭಟ್ಟಿಯ ಎಡ ಮೂಲೆ ಹುಚ್ಚು ಕಾವು. ಆರು ನಿಮಿಷಕ್ಕೆ ಟ್ರೇ ತಿರುಗಿಸದಿದ್ದರೆ ತಳ ಹತ್ತುತ್ತದೆ. ಮೂರು ವರ್ಷದಿಂದ ಈ ಕಡೆ ತಲೆ ಹಾಕದವನಿಗೆ ಅದು ಹೇಗೆ ಗೊತ್ತಾಗಬೇಕು? ಸೀದರೆ ಸೀಯಲಿ ಎಂದು ಒಂದು ಕ್ಷಣ ನಿಂತ. ತಾಯಿ ಮೂಗು ಮೇಲೆತ್ತಿದಳು. ಅವನು ಎರಡೆರಡು ಮೆಟ್ಟಿಲು ದಾಟುತ್ತಾ ಇಳಿದ.

ಭಟ್ಟಿಯ ಬಾಯಿಯ ಮುಂದೆ ಭಾಮೈದ ಕಂಗೆಟ್ಟು ನಿಂತಿದ್ದ. ಇವನು ಅವನ ಕೈಯಿಂದ ಉದ್ದ ಹಿಡಿಯ ಹಲಗೆ ತೆಗೆದುಕೊಂಡು ಟ್ರೇ ಎಳೆದ. ಒಂದು ಸಾಲಿನ ತಳ ಕಪ್ಪಾಗಿತ್ತು, ಉಳಿದವು ಬಚಾವು.

"ಎಡ ಮೂಲೆ ಈಗ ಜಾಸ್ತಿ ಕಾಯತ್ತೆ," ಎಂದ. "ನೀನು ಹಾಕ್ತಾ ಹೋಗು, ನಾನು ತಿರುಗಿಸ್ತೀನಿ."

ಕೈಗಳಿಗೆ ಹಳೆಯದೆಲ್ಲ ನೆನಪಿತ್ತು. ಒಬ್ಬ ಹಾಕಿದ, ಒಬ್ಬ ತಿರುಗಿಸಿದ. ಹೆಂಡತಿ ಎಣಿಸಿ ಪೆಟ್ಟಿಗೆಗೆ ತುಂಬುತ್ತಾ ಆಗಾಗ ಸೆರಗಿನಿಂದ ಕಣ್ಣೊರೆಸಿಕೊಂಡಳು, ಕೇಳಿದರೆ ಹೊಗೆ ಎಂದಳು. ಕಪ್ಪಾದ ಸಾಲಿನ ಬದಲಿಗೆ ಇವನು ತನ್ನ ಹಿಟ್ಟಿನಿಂದಲೇ ಉಂಡೆ ಕಟ್ಟಿ ಕೊಟ್ಟ.

ಕೊನೆಯ ಟ್ರೇ ಒಳಗಿರುವಾಗ ಭಾಮೈದ ಹಿಟ್ಟು ಮೆತ್ತಿದ ಬೆರಳುಗಳನ್ನೇ ನೋಡುತ್ತಾ ಹೇಳಿದ, "ಭಾವ, ಅವತ್ತು ಅಷ್ಟು ಜನದ ಮುಂದೆ ನಾನು ಹಾಗೆ ಅನ್ಬಾರ್ದಿತ್ತು."

"ನಾನೂ ಅವತ್ತು ಆ ಬ್ರೆಡ್ಡು ಮಾರ್ಬಾರ್ದಿತ್ತು."

ಮೂರು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಇಷ್ಟು ಚಿಕ್ಕದೇ ಎಂದು ಅವನಿಗೇ ಆಶ್ಚರ್ಯವಾಯಿತು.

ಮೂರೂ ಕಾಲಿಗೆ ಪೆಟ್ಟಿಗೆಗಳು ಬಾಗಿಲಿಗೆ ಬಂದವು. ಕೊನೆಯದು ದೊಡ್ಡದು, ಒಬ್ಬನಿಂದ ಆಗುವಂಥದ್ದಲ್ಲ. ಭಾಮೈದ ಕುತ್ತಿಗೆ ಒರೆಸಿಕೊಂಡು, ಬೆಳಗ್ಗೆ ಯಾವ ಅಧ್ಯಾಯ ಬಂತು ಎಂದು ಕೇಳಿದ. ಆ ಮನೆಯ ನಿಯಮ ಅವನಿಗೆ ಗೊತ್ತಿಲ್ಲದ್ದೇನಲ್ಲ. ಇವನು ಹೇಳಿದ.

"ಹಾಗಾದ್ರೆ ನಮ್ಮಿಬ್ಬರಲ್ಲಿ ಕತ್ತೆ ಯಾರು, ಭಾವ?"

"ಇನ್ನೂ ತೀರ್ಮಾನ ಆಗಿಲ್ಲ. ನೀನು ಆ ಕಡೆ ಹಿಡಿ."

ಇಬ್ಬರೂ ಮಂಡಿ ಬಗ್ಗಿಸಿ ಒಟ್ಟಿಗೇ ಎತ್ತಿದರು. ಮೇಲೆ, ತಾರಸಿಯ ಗೋಡೆಗೆ ಎರಡೂ ಕೈಯಿಟ್ಟು ತಾಯಿ ಬೀದಿಯ ಕಡೆ ಬಗ್ಗಿದ್ದಳು. ಕಾಣದಿದ್ದರೂ, ಒಂದರ ಹಿಂದೆ ಒಂದು ಬೀಳುತ್ತಿದ್ದ ನಾಲ್ಕು ಕಾಲುಗಳ ಸದ್ದನ್ನು ವ್ಯಾನಿನವರೆಗೂ ಕೇಳುತ್ತಾ ನಿಂತಳು.